ನಾನು ಕೂರುವ ಕಡೆ ಕುಸಿದ ಕಾರು

ಮನೆಯಲ್ಲಿ ಏನಾದರೂ ಕೆಟ್ಟರೆ ಅದನ್ನು ಕಡೆಯಲ್ಲಿ ಮುಟ್ಟಿದವರು ಯಾರೆಂದು ಹುಡುಕುವುದು ಲೋಕರೂಢಿ. ನಮ್ಮ ಮನೆಯಲ್ಲಿ ಕಡೆಯಲ್ಲಿ ಕೂತವರು ಯಾರೆಂದು ಹುಡುಕಿದರು. ಕೂತವಳು ನಾನು. ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ ನಾನಿರುವುದು ಮಗಳು ಸುಮಳ ಮನೆಯಲ್ಲಿ. ಅಳಿಯ ರಘು ಯಾರೋ ಓಡಿಸಿ ಬಿಟ್ಟ ಹಳೆಯ ಜರ್ಮನ್ ಕಾರೊಂದನ್ನು ಕೊಂಡಿದ್ದಾನೆ. ಸಾಹುಕಾರರ ಕಾರು. ಅದರ ಚಕ್ರಗಳ ಮೇಲೆ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳಿವೆ. ಒಂದು ಬೆಳಿಗ್ಗೆ ನೋಡಿದರೆ ಮುಂದಿನ ಎಡಗಡೆ ಕುಸಿದು, ಕಾರು ಒಂದು ಮಂಡಿ ಊರಿದ ಎಮ್ಮೆಯ ಹಾಗೆ ನಿಂತಿತ್ತು. ಮುಂದಿನ ಎಡಗಡೆ ಸೀಟು ನನ್ನದು.

"ಅತ್ತೆ ಕೂರೋ ಕಡೆನೇ ಹೋಗಿದೆ ನೋಡು," ಅಂದ ರಘು. "ಪಪ್ಪಾ, ಸೋ ಮೀನ್ ಲಾ!" ಅಂದಳು ಮೊಮ್ಮಗಳು, ಇಲ್ಲಿಯವರ ಹಾಗೆ ಕೊನೆಗೊಂದು ಲಾ ಸೇರಿಸಿ. ಅಂದು, ಹೊಟ್ಟೆ ಹಿಡಿದುಕೊಂಡು ನಕ್ಕಳು.

ಕಂಪನಿಯ ಅಂಗಡಿಯಲ್ಲಿ ಆ ಒಂದು ಚೀಲಕ್ಕೆ ಹೇಳಿದ ಬೆಲೆ ಕೇಳಿ ರಘುವಿನ ಮುಖವೂ ಕಾರಿನಂತೆ ಕುಸಿಯಿತು. ಮೊಬೈಲಿನಲ್ಲಿ ಚಿತ್ರ ನೋಡಿ ಅಗ್ಗದ್ದೊಂದು ತರಿಸಿದ. ಬಂದದ್ದು ಬೇರೆ ಮಾದರಿಯದು. ಮೆಕ್ಯಾನಿಕ್ ಹಳೆಯದನ್ನು ಬಿಚ್ಚಿ ಹಾಕಲು ನೋಡಿದರೆ ಗಾಳಿ ಹೋಗುವ ಮೂತಿಯೇ ಕೂರಲಿಲ್ಲ. "ಸಾಕು, ಶನಿವಾರ ಗುಜರಿಗೆ ಕೊಟ್ಬಿಡ್ತೀನಿ," ಅಂದ. ನನಗೆ ದಿಗಿಲಾಯಿತು. ಕಾರಿನ ಮೇಲೆ ಮೋಹವೇನಿಲ್ಲ. ಆದರೆ ಸುಮಳ ಪುಟ್ಟ ಕಾರಿನಿಂದ ನನ್ನನ್ನು ಇಳಿಸಲು ಇಬ್ಬರು ಬೇಕು; ನನ್ನ ಮಂಡಿ ಹಾಗಿದೆ. ದೊಡ್ಡ ಕಾರು ಹೋದರೆ ಶುಕ್ರವಾರದ ದೇವಸ್ಥಾನವೂ ಇಲ್ಲ, ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನ ಟೀಯೂ ಇಲ್ಲ. ಒಂಬತ್ತನೇ ಮಹಡಿಯಲ್ಲಿ ಕೂತು ಕೆಳಗೆ ಹೋಗುವವರ ಬೋಳುತಲೆ ನೋಡಬೇಕು. ಮೇಲಾಗಿ, ಕೂತೇ ಕಾರು ಮುರಿದ ಮುದುಕಿ ಎಂಬ ಬಿರುದು ಬೇರೆ.

ನಾನು ಓದಿದ್ದು ಮೂರನೇ ಕ್ಲಾಸು. ಕುಕ್ಕರಿಗೆ ಗ್ಯಾಸ್ಕೆಟ್ ತರಲು ಹೋಗುವವಳು ಹಳೆಯ ಗ್ಯಾಸ್ಕೆಟ್ ಹಿಡಿದುಕೊಂಡೇ ಹೋಗಬೇಕು ಎಂದು ತಿಳಿಯಲು ನಾಲ್ಕನೇ ಕ್ಲಾಸು ಬೇಕಿಲ್ಲ. ರಘು ಆಫೀಸಿಗೆ ಹೋದದ್ದೇ, ಮೆಕ್ಯಾನಿಕ್ ಬಿಚ್ಚಿಟ್ಟಿದ್ದ ಹರುಕು ಚೀಲವನ್ನು ನನ್ನ ಹಳೆಯ ಲಂಗದಲ್ಲಿ ಸುತ್ತಿ ಸುಮಳನ್ನು ಹೊರಡಿಸಿದೆ.

ಇಲ್ಲಿ ಹಾಫ್ ಕಟ್ ಅಂಗಡಿಗಳಿವೆ. ಹೊರದೇಶದ ಹಳೆಯ ಕಾರುಗಳನ್ನು ಅರ್ಧಕ್ಕೆ ಕೊಯ್ದು ತಂದು, ಬಿಡಿಬಿಡಿಯಾಗಿ ಮಾರುತ್ತಾರೆ. ಕುಂಬಳಕಾಯಿ ಹೋಳು ಜೋಡಿಸಿಟ್ಟ ಹಾಗೆ ಕಾರುಗಳು. ಸುಮಳ ಪುಟ್ಟ ಕಾರಿನಿಂದ ನನ್ನನ್ನು ಇಳಿಸಲು ಅವಳ ಜೊತೆ ಕೈಹಾಕಿದ ಅಂಗಡಿಯ ಮಣಿಯಂ ತಮಿಳಿನವನು. ಅವನ ತಮಿಳು ನನಗೆ ಅರ್ಥವಾಗುತ್ತದೆ; ನನ್ನ ಕನ್ನಡವನ್ನು ಅವನಿಗೆ ಅರ್ಥವಾಗುವಷ್ಟು ಜೋರಾಗಿ ಹೇಳುತ್ತೇನೆ. ಸುತ್ತಿದ್ದ ಲಂಗ ಬಿಚ್ಚಿ ಚೀಲ ತೋರಿಸಿದೆ. ಅಂಥದ್ದೇ ಒಂದು ತಂದ. ಪಕ್ಕದಲ್ಲಿಟ್ಟು ನೋಡಿದೆ, ಮೂತಿಗೆ ಮೂತಿ ಸರಿ.

"ಗುಡ್ ಕಂಡಿಷನ್ ಲಾ, ಅಮ್ಮಾ!"

"ಗಾಳಿ ತುಂಬು. ಒಂದು ಬಕೆಟ್ ನೀರು ತಾ."

"ಯಾಕಮ್ಮಾ, ಸ್ನಾನ ಮಾಡಿಸ್ತೀರಾ?"

ಸೈಕಲ್ ಟ್ಯೂಬಿನ ಪಂಚರ್ ಹುಡುಕುವ ಹಾಗೆ ಮುಳುಗಿಸಿದೆ. ಗುಳುಗುಳು ಗುಳ್ಳೆ ಎದ್ದವು. "ಇದೇನಪ್ಪ ನಿನ್ನ ಗುಡ್ ಕಂಡಿಷನ್ನು?" ಅಂದೆ. ಪೆಚ್ಚುನಗೆ ನಗುತ್ತ ಒಳಗಿನಿಂದ ಇನ್ನೊಂದು ತಂದ. ಒಂದು ಗುಳ್ಳೆ ಏಳಲಿಲ್ಲ. ಆಮೇಲೆ ಮೊದಲಿನದರ ಗುಳ್ಳೆಗಳನ್ನು ಮತ್ತೆ ಮತ್ತೆ ನೆನಪಿಸುತ್ತ ಚೌಕಾಸಿಗಿಳಿದೆ. ಸುಮ ನಾಚಿಕೆಯಿಂದ ಒಂದು ಅರ್ಧ ಕಾರಿನ ಹಿಂದೆ ಹೋಗಿ ನಿಂತಳು. ಕಂಪನಿಯ ಬೆಲೆಯ ಕಾಲು ಭಾಗಕ್ಕೂ ಕಡಿಮೆಗೆ ಸಿಕ್ಕಿತು.

ಹೊರಡುವಾಗ ಕೇಳಿಯೇಬಿಟ್ಟೆ: "ನಾನು ಕೂತಿದ್ದಕ್ಕೇ ಹೋಯಿತೇನಪ್ಪ?"

"ಅಯ್ಯೋ ಇಲ್ಲಮ್ಮಾ! ರಬ್ಬರಿಗೆ ವಯಸ್ಸಾಯ್ತು, ಬಿರುಕು ಬಿಡ್ತು. ಒಂದು ಹೋದ್ರೆ ಆ ಕಡೆಯ ಜೋಡಿನೂ ಹೋಗುತ್ತೆ, ನೋಡ್ತಿರಿ."

ಸಂಜೆಗೆ ಮೆಕ್ಯಾನಿಕ್ ಅದನ್ನು ಕೂರಿಸಿದ. ಇಂಜಿನ್ ಚಾಲೂ ಮಾಡಿದ ಕೂಡಲೇ ಕಾರು ಉಸಿರೆಳೆದುಕೊಂಡು ಮೆಲ್ಲಗೆ ಮೇಲೆದ್ದಿತು. ನಾನು ಬೇಕೆಂದೇ ದಡಕ್ಕನೆ ಕೂತೆ. ಅಲುಗಲಿಲ್ಲ. ರಘು ಬಂದವನು ಕಾರಿಗೆ ಒಂದು ಸುತ್ತು ಹಾಕಿ, "ಅತ್ತೆ, ನಿಮಗೆ ಸಲಾಂ," ಅಂದು ಗುಜರಿಯವನಿಗೆ ಬೇಡವೆಂದು ಫೋನ್ ಮಾಡಿದ. ಮಣಿಯಂ ಕೊಟ್ಟ ತೀರ್ಪನ್ನು ಭಾನುವಾರದ ಊಟಕ್ಕೆ ಎಲ್ಲರೂ ಕೂತಾಗ ಹೇಳೋಣವೆಂದು ಇಟ್ಟುಕೊಂಡೆ.

ಭಾನುವಾರ ಬೆಳಿಗ್ಗೆ ಕೆಳಗಿಳಿದರೆ ಕಾರು ಬಲಗಡೆ ಕುಸಿದಿತ್ತು. ಡ್ರೈವರ್ ಸೀಟಿನ ಕಡೆ. ರಘು ನನ್ನ ಮುಖ ನೋಡಿದ. ನಾನು ಅವನ ಹೊಟ್ಟೆ ನೋಡಿದೆ. ಸುಮ ಏನೋ ಹೇಳಲು ಬಾಯಿ ತೆರೆದಳು. ಅವಳ ಕಾಲು ತುಳಿದೆ.

"ನೀನು ಕೂರೋ ಕಡೆ ಅಲ್ವೇನಪ್ಪ?"

ಅಂದಿನಿಂದ ಅವನು ಬೆಳಿಗ್ಗೆ ವಾಕಿಂಗ್ ಹೋಗುತ್ತಾನೆ, ಮಾಮಕ್ ಹೋಟೆಲಿನ ಎಣ್ಣೆ ಜಿನುಗುವ ರೊಟ್ಟಿ ಚಾನಾಯ್ ಬಿಟ್ಟಿದ್ದಾನೆ. ಮಣಿಯಂ ಹೇಳಿದ್ದನ್ನು ಹೇಳಬೇಕು. ಬಲಗಡೆಯದನ್ನು ತಂದ ಮೇಲೆ ಹೇಳಿದರಾಯಿತು. ಲಂಗ ಒಗೆದು ಒಣಹಾಕಿದ್ದೇನೆ. ಅಲ್ಲಿಯವರೆಗೆ ರಘುವಿನ ಪಾಲಿನ ರೊಟ್ಟಿಯನ್ನೂ ನಾನೇ ತಿನ್ನುತ್ತಿದ್ದೇನೆ. ಎಡಗಡೆ ತಡೆಯುತ್ತದೆ. ಅದು ನಾನೇ ನೋಡಿ ತಂದ ಮಾಲು.