ಡಿಕ್ಕಿಯಲ್ಲಿ ಸಿಕ್ಕ ಟಿಕಳಿ

ನಾನು: ಕಾರಿನ ಡಿಕ್ಕಿ ತೆಗೆದೋರು ಯಾರು? ಮೊದಲು ಅದನ್ನ ಹೇಳು!

ಕೊಟ್ರಮ್ಮ: ಒದರಬ್ಯಾಡ್ರಿ. ನಾನ ತೆಗೆದೀನಿ.

ನಾನು: ಆಂಪ್ಲಿಫೈಯರಿನ ಗೇನ್ ತಿರುಪು ಮುಟ್ಟಿದೋರು ಯಾರು?

ಕೊಟ್ರಮ್ಮ: ಅದನೂ ನಾನ.

ನಾನು: ಫುಲ್ ಇಟ್ಟಿದ್ನಲ್ಲೇ! ಈಗ ನೋಡಿದ್ರ ಅರ್ಧಕ್ಕೂ ಬಂದಿಲ್ಲ. ಇಷ್ಟು ದೊಡ್ಡ ಡಬ್ಬಿ ಕುಂದ್ರಿಸಿ ಅರ್ಧ ಇಡಾಕ ನನಗೇನು ಹುಚ್ಚೇನು?

ಕೊಟ್ರಮ್ಮ: ಫುಲ್ ಇಟ್ಟಿದ್ದಕ್ಕ ಅಲ್ಲೇನ್ರಿ, ಹೋದ ವಾರ ಸಂಡೂರು ದಾರ್ಯಾಗ ಸ್ಪೀಕರ್ ಸುಟ್ಟಿದ್ದು?

ಆ ವಿಷಯ ಎತ್ತಬಾರದಿತ್ತು, ಹೆಂಡತಿ ಎತ್ತಿದಳು. ಚಿತ್ತವಾಡ್ಗಿಯಲ್ಲಿ ನನ್ನದೊಂದು ಅಕ್ಕಿ ಅಂಗಡಿ. ನನ್ನ ಹೆಸರು ಅಂದಾನಪ್ಪ. ಹಳೆಯ ಕಾರೊಂದನ್ನು ಕೊಂಡು, ಹೊಸ ಆಂಪ್ಲಿಫೈಯರನ್ನು ನಾನೇ ಕೂರಿಸಿದೆ. ಮಾರಿದ ಅಂಗಡಿಯವನು ಏನೋ ಬುದ್ಧಿ ಹೇಳಲು ಶುರು ಮಾಡಿದ್ದ. ನನಗೆ ಬುದ್ಧಿ ಹೇಳಿದರೆ ಆಗುವುದಿಲ್ಲ, ಎದ್ದು ಬಂದಿದ್ದೆ. ಸ್ಪೀಕರ್ ಸುಟ್ಟ ದಿನ ಪಕ್ಕದಲ್ಲಿ ಕೂತಿದ್ದವನು ಗೆಳೆಯ ಗಾಳೆಪ್ಪ. ಕುರೆಕುಪ್ಪದಲ್ಲಿ ಶಿಫ್ಟಿನ ಕೆಲಸಗಾರರ ಗಾಡಿ ಓಡಿಸುವವನು. ಹತ್ತಿದವರಿಗೆಲ್ಲ "ಅಂದಾನಿ ಕಾರ್ನ್ಯಾಗ ಹಾಡೂ ಬರ್ತೈತಿ, ಮೆಣಸಿನಕಾಯಿ ಬಜಿನೂ ಕರೀತೈತಿ" ಎಂದು ಸಾರಿಕೊಂಡು ಬಂದ. ಈಗ ಹೊಸ ಸ್ಪೀಕರ್ ಹಾಕಿದ್ದೇನೆ. ಇವತ್ತು ಅವನು ಕೇಳಲು ಬರುತ್ತಾನೆ. ನನ್ನ ಮರ್ಯಾದೆಯೆಲ್ಲ ಆ ಡಿಕ್ಕಿಯಲ್ಲಿದೆ.

ನಾನು: ಗೇನಂದ್ರ ಏನು ಗೊತ್ತಲೇ ನಿನಗ?

ಕೊಟ್ರಮ್ಮ: ಅಂಗಡ್ಯಾತ ಹೇಳುವಾಗ ನೀವು ಎದ್ದು ಬಂದ್ರಿ. ನಾನು ಚಪ್ಪಲಿ ಹುಡುಕ್ಕೊಂತ ಅಲ್ಲೇ ನಿಂತಿದ್ದೆ. ಅದು ಸೌಂಡು ಏರಿಸೋ ತಿರುಪಲ್ಲಂತ. ಮುಂದಿನ ಸೆಟ್ಟು ಎಷ್ಟು ಕಳಿಸ್ತೈತಿ, ಹಿಂದಿನ ಡಬ್ಬಿ ಎಷ್ಟು ತಡಕೊಂತೈತಿ, ಎರಡೂ ಹೊಂದಿಸೋದಂತ.

ನಾನು: ಹೊಂದಿಸಿಬಿಟ್ಟಿ? ಹೆಂಗ?

ಕೊಟ್ರಮ್ಮ: ನನ್ನ ಹೊಲಿಗಿ ಮಿಷನ್ನಿನ ದಾರ ಬಿಗಿ ಮಾಡಿದಂಗ. ಗೇನು ಪೂರಾ ಇಳಿಸಿದೆ. ಮುಂದಿನ ವಾಲ್ಯೂಮು ಮುಕ್ಕಾಲು ಇಟ್ಟೆ. ನನಗ ಬಾಯಿಪಾಠ ಇರೋ ಸೋಬಾನ ಪದ ಹಚ್ಚಿ, ತಿರುಪು ಒಂಚೂರೊಂಚೂರು ಏರಿಸಿದೆ. ಒಂದು ಕಡೆ ಹಾಡೋ ಆಕಿ ಗಂಟಲು ಹರಿದಂಗಾತು. ಅಲ್ಲಿಂದ ಒಂಚೂರು ಹಿಂದ ತಂದು ಬಿಟ್ಟೆ. ದಾರ ಹರಿದ್ರ ಸಡಿಲ ಮಾಡಂಗಿಲ್ಲೇನು?

ನಾನು: ಇದು ಬ್ಲೌಸಲ್ಲ!

ಕೊಟ್ರಮ್ಮ: ಹೌದ್ರಿ. ಬ್ಲೌಸ್ ಹರಿದ್ರ ಊರ ಮಂದಿ ನನ್ನ ಬೈತಾರ. ಇದು ಹರಿದ್ರ ನೀವು ನನ್ನ ಬೈತೀರಿ.

ನಾನು ಅವಳ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕಿತ್ತುಕೊಂಡು ಡಿಕ್ಕಿಯ ಕಡೆ ನಡೆದೆ. ಅಷ್ಟರಲ್ಲಿ ಗೇಟಿನ ಹತ್ತಿರ ಹಾರನ್ ಆಯಿತು. ಗಾಳೆಪ್ಪ ಇಳಿದೇ ಬಿಟ್ಟ. ಸ್ಕ್ರೂಡ್ರೈವರನ್ನು ಬೆನ್ನ ಹಿಂದೆ ಬಚ್ಚಿಟ್ಟೆ.

ಗಾಳೆಪ್ಪ: ಲೇ ಅಂದಾನಿ, ಒಂದು ಕೊಡ ನೀರು ತಂದು ಇಟ್ಕೊಳ್ಲೇನು? ಹಾಡು ಹಚ್ಚಿದ ಮ್ಯಾಲ ಆರಿಸಾಕ ಬೇಕಲ್ಲ.

ನಾನು: ಬಾಯಿ ಮುಚ್ಕೊಂಡು ಕುಂದ್ರಲೇ!

ಹಾಡು ಹಚ್ಚಿದೆ. ಬಾಗಿಲು ಗಡಗಡ ಎನ್ನಲಿಲ್ಲ. ಡೋಲಿನ ಪೆಟ್ಟು ಎದೆಗೆ ಬಂದು ಕೂತು, ಸುಮ್ಮನೆ ಎದ್ದು ಹೋಯಿತು. ಹಾಡುವವಳು ಉಸಿರು ಎಳೆದುಕೊಂಡದ್ದೂ ಕೇಳಿಸಿತು. ಇಷ್ಟು ಚೆನ್ನಾಗಿದೆಯಲ್ಲ ಎಂದು ನನಗೆ ಇನ್ನಷ್ಟು ಸಿಟ್ಟು ಬಂತು.

ಗಾಳೆಪ್ಪ: ಮಸ್ತ್ ಐತಲ್ಲೋ! ಯಾರು ಸೆಟ್ ಮಾಡಿದ್ರಲೇ?

ನಾನು: ಯಾರಂದ್ರ? ನಾನೇ!

ಕೊಟ್ರಮ್ಮ ಚಹಾದ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ನಗು ತಡೆದುಕೊಂಡಿದ್ದಕ್ಕೆ ತಟ್ಟೆ ಅಲುಗಾಡುತ್ತಿತ್ತು.

ಗಾಳೆಪ್ಪ: ನನ್ನ ಗಾಡ್ಯಾಗೂ ಹಿಂಗ ಮಾಡಿಕೊಡು ಮಾರಾಯ. ಹೆಂಗ ಮಾಡಿದಿ?

ನಾನು: ಗೇನಂದ್ರ ಸೌಂಡಲ್ಲಪ. ಮುಂದಿಂದು, ಹಿಂದಿಂದು, ಎರಡೂ ಹೊಂದಿಸೋದು. ಬ್ಲೌಸಿನ ದಾರ ಇದ್ದಂಗ.

ಗಾಳೆಪ್ಪ: ಬ್ಲೌಸಿನ ದಾರದ ಸುದ್ದಿ ನಿನಗ್ಯಾಕಲೇ?

ನಾನು: ಅಂಗಿ! ಅಂಗಿ ದಾರ ಅಂದೆ!

ಅವನು ನಗುತ್ತ ಹೋಗಿ ಡಿಕ್ಕಿ ಎತ್ತಿದ. ತಲೆ ಒಳಗೆ ಹಾಕಿದವನು ಬಹಳ ಹೊತ್ತು ಹೊರಗೆ ತೆಗೆಯಲಿಲ್ಲ. ತೆಗೆದಾಗ ದನಿ ಇಳಿದಿತ್ತು.

ಗಾಳೆಪ್ಪ: ಅಂದಾನಿ... ಇಲ್ಲೊಂದು ಟಿಕಳಿ ಐತಲ್ಲ.

ಬಗ್ಗಿ ನೋಡಿದೆ. ಗೇನಿನ ತಿರುಪಿನ ಪಕ್ಕದಲ್ಲೇ ಹೆಂಗಸರು ಹಣೆಗೆ ಹಚ್ಚುವ ಕೆಂಪು ಟಿಕಳಿ ಮಿರಮಿರ ಮಿಂಚುತ್ತಿತ್ತು.

ಗಾಳೆಪ್ಪ: ಕೊಟ್ರಮ್ಮ ತಂಗಿ ಹಚ್ಚೋದು ಕುಂಕುಮ. ಇದು ಯಾರದು?

ನಾನು: ಕಾರು ಹಳೇದಲ್ಲೇನಪ. ಮೊದಲಿನ ಮಾಲಕರದಿರಬೇಕು.

ಗಾಳೆಪ್ಪ: ಕಾರು ಹಳೇದು ಖರೆ. ಆಂಪ್ಲಿಫೈಯರ್ ಹೊಸಾದು. ಟಿಕಳಿ ಅದರ ಮ್ಯಾಲ ಐತಿ. ಈ ವಯಸ್ಸಿನ್ಯಾಗ ಬ್ಯಾಡಲೇ ಇದೆಲ್ಲ. ಯಾವಾಕಿ ಹೇಳು.

ನನ್ನ ಮುಂದೆ ಎರಡೇ ದಾರಿ. ಹೆಂಡತಿ ಸೆಟ್ ಮಾಡಿದಳು ಎನ್ನಬೇಕು, ಇಲ್ಲವೇ ಬೇರೆ ಯಾರೋ ಒಬ್ಬಾಕೆ ಇದ್ದಾಳೆ ಎನ್ನಬೇಕು. ದೇವರಾಣೆ, ಒಂದು ಕ್ಷಣ ಎರಡನೆಯದನ್ನೇ ಒಪ್ಪಿಕೊಂಡು ಬಿಡೋಣ ಎನಿಸಿತು. ಅದರಲ್ಲಿ ಒಂಚೂರಾದರೂ ಗಂಡಸುತನ ಉಳಿಯುತ್ತಿತ್ತು. ಆದರೆ ಹೊಸ್ತಿಲಲ್ಲಿದ್ದ ಚಹಾದ ತಟ್ಟೆ ಅಲುಗಾಡುವುದು ನಿಂತಿತು.

ನಾನು: ಯಾವಾಕಿನೂ ಇಲ್ಲಲೇ! ಸೆಟ್ ಮಾಡಿದಾಕಿ ಕೊಟ್ರಮ್ಮ! ನಾನಲ್ಲ! ನನಗ ಬರಂಗಿಲ್ಲ! ಆತೇನು?

ಓಣಿಗೆಲ್ಲ ಕೇಳಿತು. ಅದಕ್ಕೆ ಯಾವ ಆಂಪ್ಲಿಫೈಯರೂ ಬೇಕಾಗಲಿಲ್ಲ. ಎದುರು ಮನೆಯ ಭರಮಮ್ಮ ಕಸಬರಿಗೆ ಹಿಡಿದುಕೊಂಡೇ ಹೊರಗೆ ಬಂದು, "ಏನ್ ಬರಂಗಿಲ್ಲಂತ ಇವಗ?" ಎಂದು ಕೇಳಿದಳು.

ಕೊಟ್ರಮ್ಮ: ಅದು ನಮ್ಮ ಮಗಳು ಸ್ಫೂರ್ತಿ ಟಿಕಳಿ, ಗಾಳೆಪ್ಪಣ್ಣ. ಗುರುತಿಗೆ ಹಚ್ಚೀನಿ. ಇವರು ಸಿಟ್ಟಿನ್ಯಾಗ ತಿರುವಿಬಿಟ್ರೂ ವಾಪಸ್ ಎಲ್ಲಿಗೆ ತಂದು ನಿಲ್ಲಿಸ್ಬೇಕು ಗೊತ್ತಾಗ್ಲಿ ಅಂತ.

ಗಾಳೆಪ್ಪ: ಹಂಗಾದ್ರ ಇವಗೂ ಒಂದು ಹಚ್ಚಬಾರದೇನು ತಂಗಿ?

ಕೊಟ್ರಮ್ಮ: ಲಗ್ನ ಆದಾಗಿಂದ ಹುಡುಕಾಕತ್ತೀನಣ್ಣ. ಇವರಿಗೆ ತಿರುಪೇ ಇಟ್ಟಿಲ್ಲ. ಬರೋದೇ ಫುಲ್ಲು.

ಗಾಳೆಪ್ಪ ಕಾರಿಗೆ ಒರಗಿಕೊಂಡು ನಕ್ಕ. ಬೆನ್ನ ಹಿಂದಿದ್ದ ಸ್ಕ್ರೂಡ್ರೈವರ್ ನೆಲಕ್ಕೆ ಬಿತ್ತು. ಒದರಬೇಕೆಂದು ಬಾಯಿ ತೆಗೆದೆ. ಭರಮಮ್ಮ ಇನ್ನೂ ನೋಡುತ್ತಿದ್ದಳು. ಟಿಕಳಿಯೂ ನೋಡುತ್ತಿತ್ತು. ಬಾಯಿ ಮುಚ್ಚಿ, ನನ್ನ ಆಯುಷ್ಯದಲ್ಲೇ ಮೊದಲ ಸಲ ಮೆತ್ತಗೆ ಮಾತಾಡಿದೆ.

ನಾನು: ಚಹಾ ಕೊಡು.

ಕೊಟ್ರಮ್ಮ: ಏನಂದ್ರಿ? ಕೇಳ್ಲಿಲ್ಲ. ಒಂಚೂರು ಏರಿಸ್ರಿ.