ನಮ್ಮ ಸವೆಯದ ಲೇಪದ ದಿನಗಳು

ಗಾಳಿ ಹೀರಿ ತೆಗೆದ ಉಕ್ಕಿನ ಡಬ್ಬಿಯೊಳಗೆ ನೇರಳೆ ಬೆಳಕು ಹೊತ್ತಿಕೊಂಡರೆ, ಅದರ ಪುಟ್ಟ ಗಾಜಿನ ಕಿಟಕಿಯಿಂದ ಕಣ್ಣು ಕೀಳಲು ಮನಸ್ಸಾಗುತ್ತಿರಲಿಲ್ಲ. ಜಮಖಂಡಿ ಹತ್ತಿರದ ಕಾಲೇಜೊಂದರಲ್ಲಿ ನಾನೂ ನಮ್ಮ ಪ್ರೊಫೆಸರರೂ ಆ ಬೆಳಕಿನಲ್ಲಿ ಉಕ್ಕಿನ ಸಾಮಾನಿಗೆ ಲೇಪ ಕೊಡುತ್ತಿದ್ದೆವು. ಗಟ್ಟಿ ವಸ್ತುಗಳ ನ್ಯಾನೊ ಕಣಗಳು ಬೆರೆತ, ಕೂದಲಿಗಿಂತ ಎಷ್ಟೋ ತೆಳುವಾದ, ಸುಲಭಕ್ಕೆ ಸವೆಯದ ಲೇಪ. ಹೀಗೆ ಅರೆಗನಸಿನಲ್ಲಿ ಕೆಲಸ ಮಾಡುವವರ ಸುತ್ತ ಏನಾದರೊಂದು ಆಗುತ್ತಲೇ ಇರುತ್ತದೆ.

೧. ಉಜ್ಜುವ ಯಂತ್ರ

ಲೇಪ ಎಷ್ಟು ಬಾಳುತ್ತದೆಂದು ತಿಳಿಯಲು, ತಿರುಗುವ ತಟ್ಟೆಯ ಮೇಲೆ ಮೊಳೆಯಂಥ ಕಡ್ಡಿಯನ್ನು ಒತ್ತಿ ತಾಸುಗಟ್ಟಲೆ ಉಜ್ಜಬೇಕು. ಅದರ ಸರಸರ ಸದ್ದು ಜೋಗುಳದ ಹಾಗೆ. ಒಂದು ಮಧ್ಯಾಹ್ನ ನಾವಿಬ್ಬರೂ ಕುಳಿತಲ್ಲೇ ನಿದ್ದೆಹೋದೆವು. ಎಚ್ಚರಾಗಿ ನೋಡಿದರೆ ಎದುರಿನ ಕುರ್ಚಿಯಲ್ಲಿ ಯಾರೋ ಗೊರಕೆ ಹೊಡೆಯುತ್ತಿದ್ದಾರೆ.

"ಯಾರಪಾ ಇವರು?" ಎಂದು ಜವಾನನನ್ನು ಕೇಳಿದೆ.

"ನಿಮ್ಮ ಕೆಲಸ ಮುಂದುವರಿಸೂದೋ ಬ್ಯಾಡೋ ನೋಡಾಕ ಬಂದ ಸಾಹೇಬ್ರು ರೀ. ನೀವು ಏಳೂತನಾ ಕೂಡ್ತೇನಿ ಅಂದ್ರು. ಕೂತ್ರು, ಹಿಂಗಾತು."

ಪ್ರೊಫೆಸರರ ಮುಖ ಬಿಳುಪೇರಿತು. ಸಾಹೇಬರು ಎದ್ದು ಕಣ್ಣುಜ್ಜಿಕೊಂಡು, ಬಹಳ ದಿನದ ಮೇಲೆ ಇಂಥ ನಿದ್ದೆ ಬಂತೆಂದರು. ಯೋಜನೆಗೆ ಒಪ್ಪಿಗೆ ಕೊಟ್ಟು, ಹೊರಡುವಾಗ ಮೆಲ್ಲಗೆ ಕೇಳಿದರು: "ಈ ಮಷೀನ್ ಮನಿಗೂ ಸಿಗತದೇನು?"

೨. ವಜ್ರದ ಕೆಲಸ

ಲೇಪ ಉಕ್ಕಿಗೆ ಗಟ್ಟಿಯಾಗಿ ಅಂಟಿದೆಯೋ ಇಲ್ಲವೋ ಎಂದು ವಜ್ರದ ಮೊನೆಯಿಂದ ಗೀರಿ ನೋಡುತ್ತೇವೆ. ಇದನ್ನು ಕೇಳಿದ ಬೀಳಗಿಯ ನನ್ನ ಸೋದರತ್ತೆ, "ಹುಡುಗ ವಜ್ರದ ಕೆಲಸ ಮಾಡ್ತಾನ" ಎಂದು ನನಗೆ ನೋಡಿದ್ದ ಕನ್ಯೆಯ ಮನೆಯಲ್ಲಿ ಹೇಳಿಬಿಟ್ಟಳು. ಫೋಟೋ ನೋಡಿದಂದಿನಿಂದ ಆ ನೇರಳೆ ಕಿಟಕಿಯಲ್ಲೂ ನನಗೆ ಆ ಹುಡುಗಿಯೇ ಕಾಣುತ್ತಿದ್ದಳು. ಒಂದು ದಿನ ಅವಳ ತಂದೆ ಪ್ರಯೋಗಶಾಲೆಗೇ ಬಂದರು. ಸೂಕ್ಷ್ಮದರ್ಶಕದಲ್ಲಿ ವಜ್ರ ತೋರಿಸಿದೆ.

"ವಜ್ರ ಅಂದ್ರ ಇಷ್ಟ ಸಣ್ಣದೇನ್ರಿ?"

"ಇಷ್ಟ ರೀ."

"ಇದರ್ಲೆ ಏನ್ ಮಾಡ್ತೀರಿ?"

"ಹೊಸಾ ಸಾಮಾನಿಗೆ ಗೀರು ಹಾಕ್ತೇನ್ರಿ."

"ಎಲ್ಲೀತನಾ?"

"ಅದು ಕೆಡೂತನಾ."

ಅವರು ಚಹಾ ಕುಡಿದು ಹೋದರು. ನಾನು ಅತ್ತೆಯ ದಾರಿ ಕಾಯತೊಡಗಿದೆ. ಕಡೆಗೆ ಅವಳು ಸುದ್ದಿ ತಂದಳು: "ಹುಡುಗ ಸುಳ್ಳು ಹೇಳಂಗಿಲ್ಲ, ಮಗಳ್ನ ಕೊಡ್ತೇವಿ ಅಂದಾರ. ಆದ್ರ ಹೊಸಾ ಭಾಂಡೆ-ಪಾತ್ರೆ ಮಾತ್ರ ಅವನ ಕೈಗೆ ಕೊಡಬ್ಯಾಡ್ರಿ ಅಂದಾರ."

೩. ಕಬ್ಬಿನ ಕುಡಗೋಲು

ಹೊಲದಲ್ಲಿ ಲೇಪ ನಿಲ್ಲುತ್ತದೆಂದು ತೋರಿಸುವುದು ಪ್ರೊಫೆಸರರ ದೊಡ್ಡ ಕನಸು. ರನ್ನ ಬೆಳಗಲಿಯ ರೈತನೊಬ್ಬನಿಗೆ ಕಬ್ಬು ಕಡಿಯಲು ಎರಡು ಕುಡಗೋಲು ಕೊಟ್ಟರು. ಒಂದು ಸಾದಾ, ಇನ್ನೊಂದು ಲೇಪದ್ದು. ಲೇಪದ್ದು ಬಂಗಾರದ ಬಣ್ಣದಲ್ಲಿ ಫಳಫಳ ಹೊಳೆಯುತ್ತಿತ್ತು.

ಕಬ್ಬಿನ ಹಂಗಾಮು ಮುಗಿದ ಮೇಲೆ ಅವನ ಮನೆಗೆ ಹೋದೆವು. ಸಾದಾ ಕುಡಗೋಲು ಸವೆದು ಅರ್ಧವಾಗಿತ್ತು. ಲೇಪದ್ದರ ಬಾಯಿಯನ್ನು ಭೂತಗನ್ನಡಿಯಲ್ಲಿ ನೋಡಿದ ಪ್ರೊಫೆಸರರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಒಂದು ಗೀರೂ ಇಲ್ಲ. ಅವರ ಕಣ್ಣು ದೂರದ ಯಾವುದೋ ಸಭೆಯ ವೇದಿಕೆಯಲ್ಲಿ ನೆಟ್ಟಂತಿತ್ತು.

"ಇದರ್ಲೆ ಎಷ್ಟು ಕಬ್ಬು ಕಡದ್ರಿ?" ಎಂದು ನಾನು ಕೇಳಿದೆ.

ರೈತ ತಲೆ ತುರಿಸಿಕೊಂಡು ತಾಯಿಯ ಕಡೆ ನೋಡಿದ. ಮುದುಕಿ ಮುಂದೆ ಬಂದಳು. "ಬಂಗಾರದಂಥಾದ್ರಲೆ ಕಬ್ಬು ಕಡೀತಾರೇನ್ರಿ? ಬೀರಪ್ಪ ದೇವರ ಜಗಲಿ ಮ್ಯಾಲ ಇಟ್ಟೇನಿ. ದಿನಾ ಭಂಡಾರದ ಅರಿಶಿಣ ಹಚ್ಚಿ, ತಿಕ್ಕಿ ತೊಳದೇನಿ."

ಪ್ರೊಫೆಸರರು ಭೂತಗನ್ನಡಿ ಕೆಳಗಿಟ್ಟರು. ಮುದುಕಿಗೆ ಅವರ ಮುಖ ನೋಡಿ ಪಾಪ ಅನ್ನಿಸಿತೇನೋ, ಹತ್ತಿರ ಕೂತು ಸಮಾಧಾನ ಹೇಳಿದಳು:

"ನಿಮ್ಮ ಲೇಪ ಖರೆ ಅದ ರೀ ಸರ. ಇಷ್ಟು ಪೂಜಿ ಮಾಡಿದ್ರೂ ಒಂಚೂರೂ ಸವದಿಲ್ಲ."