ಮಾವನ ಬೆಲ್ಟಿನ ಮೇಲೆ ಮಸೆದ ಚಾಕು

"ಇವತ್ತು ಈ ಚಾಕು ಇರಬೇಕು, ಇಲ್ಲ ನಾನಿರಬೇಕು!" ಎಂದು ಗುಮಾಸ್ತ ಅಡುಗೆಮನೆಯಲ್ಲಿ ನಿಂತು ಗುಡುಗಿದ.

ಚಾಕುವಿನ ಅಪರಾಧವೇನೂ ಸಣ್ಣದಲ್ಲ. ಟೊಮೆಟೊ ಕೊಯ್ಯಲು ಹೋದರೆ ಅದನ್ನು ಹಿಸುಕಿ, ರಸವನ್ನು ಅವನ ಇಸ್ತ್ರಿ ಅಂಗಿಯ ಎದೆಗೇ ಚಿಮ್ಮಿಸಿತ್ತು!

"ಕೂಗಾಡಬೇಡಿ. ಸಾಣೆಯವನಿಗೆ ಕೊಟ್ಟರಾಯ್ತು" ಎಂದಳು ಹೆಂಡತಿ.

"ಅವನಿಗೇನು ಗೊತ್ತು? ನಾನು ಮಸೀತೀನಿ ನೋಡು! ನೀನು ಇದರಲ್ಲಿ ಮುಖ ನೋಡ್ಕೊಂಡು ತಲೆ ಬಾಚ್ಕೋಬೇಕು, ಹಾಗೆ!"

"ಅಪ್ಪ ಸ್ನಾನಕ್ಕೆ ಹೋಗಿದ್ದಾರೆ. ಸನ್ಮಾನಕ್ಕೆ ತಡ ಆದ್ರೆ ಮನೇನೇ ಹಾರಿಸಿಬಿಡ್ತಾರೆ, ಅಷ್ಟೇ."

ಅವಳಪ್ಪ ನಿವೃತ್ತ ಬಸ್ ಡ್ರೈವರ್. ಹಾರ್ನ್ ಹೊಡೆದೂ ಹೊಡೆದೂ ಅವರ ಮಾತೇ ಹಾರ್ನ್ ಆಗಿಹೋಗಿತ್ತು. ಅಂದು ಚಾಲಕರ ಸಂಘದಲ್ಲಿ ಅವರಿಗೆ ಸನ್ಮಾನ.

ಗುಮಾಸ್ತ ಕೇಳಲಿಲ್ಲ. ಒರಟು ಕಲ್ಲಿನ ಮೇಲೆ ಮಸೆದ. ನುಣುಪು ಕಲ್ಲಿನ ಮೇಲೆ ಮಸೆದ. ಕೊನೆಯ ಹೊಳಪಿಗೆ ಚರ್ಮದ ಪಟ್ಟಿಗೆ ಪಾಲಿಶ್ ಪುಡಿ ಸವರಿ ತೀಡಬೇಕು. ಪುಡಿಯೇನೋ ಇತ್ತು. ಚರ್ಮ? ಅವನ ಬೆಲ್ಟು ಮೊದಲ ಉಜ್ಜಿಗೇ ಸಿಪ್ಪೆ ಸುಲಿದು, ತಾನು ಬರೀ ರೆಕ್ಸಿನ್ ಎಂದು ಒಪ್ಪಿಕೊಂಡಿತು. ಬಚ್ಚಲುಮನೆಯ ಹೊರಗೆ ಮೊಳೆಯಲ್ಲಿ ಮಾವನ ಬೆಲ್ಟು ತೂಗುತ್ತಿತ್ತು. ಅಗಲ, ದಪ್ಪ, ಅಪ್ಪಟ ಚರ್ಮ!

ಬಕಲನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಬಿಗಿಯಾಗಿ ಎಳೆದು ಹಿಡಿದ. ಚಾಕುವಿನ ಬೆನ್ನು ಮುಂದೆ, ಅಲಗು ಹಿಂದೆ. ಸರ್... ಸರ್... ಅಲಗು ಫಳಫಳ ಎನ್ನತೊಡಗಿತು.

"ರೀ! ಅದು ಅಪ್ಪನ ಬೆಲ್ಟು!"

"ಸುಮ್ನಿರೇ! ನಂಗೆ ಬುದ್ಧಿ ಹೇಳೋಕೆ ಬರಬೇಡ!"

ಸಿಟ್ಟಿನ ಭರದಲ್ಲಿ ಕೈ ತಿರುಗಿತು, ಅಲಗು ಮುಂದಾಯಿತು. ಸದ್ದೇ ಇಲ್ಲದೆ ಬೆಲ್ಟು ಎರಡು ತುಂಡಾಯಿತು. ಅಷ್ಟು ಹರಿತ!

ಬಚ್ಚಲ ಬಾಗಿಲು ತೆರೆಯಿತು. ಮಾವ ಪ್ಯಾಂಟನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದರು.

"ಯಾವ ಕತ್ತೆ ಮಾಡಿದ್ದು ಇದನ್ನ?"

"ನೀವೇ ಹುಡುಕಿ ತಂದ ಕತ್ತೆ, ಅಪ್ಪಾ" ಎಂದಳು ಮಗಳು.

"ಮಾವ, ಹರಿತ ಮಾತ್ರ ಚೆನ್ನಾಗಿ ಬಂದಿದೆ..."

"ಬಾಯಿ ಮುಚ್ಚು! ತಂದಿರೋದು ಇದೊಂದೇ ಪ್ಯಾಂಟು! ಸ್ಟೇಜ್ ಮೇಲೆ ಏನು ಹಿಡ್ಕೊಂಡು ನಿಲ್ಲಲಿ?"

ಅಳಿಯನ ರೆಕ್ಸಿನ್ ಬೆಲ್ಟು ಮಾವನ ಹೊಟ್ಟೆಯ ಅರ್ಧ ದಾರಿಗೇ ಸುಸ್ತಾಯಿತು. ಅಂಗಡಿಗೆ ಓಡಲು ಹೊತ್ತಿರಲಿಲ್ಲ. ಹೆಂಡತಿ ಪರದೆಯ ದಾರ ಬಿಚ್ಚಿ ಅಪ್ಪನ ಸೊಂಟಕ್ಕೆ ಬಿಗಿದಳು. ಆಟೊ ತುಂಬ ಮಾವನ ಬೈಗುಳ. ಸಭಾಂಗಣದೆದುರು ಇಳಿಯುವಾಗ ಆ ದಾರವೂ ಪಟ್ಟೆಂದಿತು!

ವೇದಿಕೆಯಲ್ಲಿ ಒಂದು ಕೈಗೆ ಹೂಗುಚ್ಛ, ಇನ್ನೊಂದಕ್ಕೆ ಭಾರವಾದ ಫಲಕ. ಪ್ಯಾಂಟಿಗೆ ಕೈಯೇ ಉಳಿಯಲಿಲ್ಲ.

"ಬಾ ಇಲ್ಲಿ. ಹಿಂದೆ ನಿಂತು ಎರಡೂ ಕೈಲಿ ಹಿಡ್ಕೋ" ಎಂದು ಮಾವ ಪಿಸುಗುಟ್ಟಿದರು. ಅಳಿಯ ಬೆವರುತ್ತಾ ಹಿಡಿದುಕೊಂಡ.

ಅಧ್ಯಕ್ಷರಿಗೆ ಕಣ್ಣು ತುಂಬಿ ಬಂತು. ಮೈಕಿನಲ್ಲಿ ಹೇಳಿದರು: "ಅಳಿಯ ಅಂದ್ರೆ ಹೀಗಿರಬೇಕು! ಮಾವನ ಬೆನ್ನಿಗೆ ಹೇಗೆ ನಿಂತಿದ್ದಾರೆ ನೋಡಿ! ಎಲ್ಲರೂ ಜೋರಾಗಿ ಚಪ್ಪಾಳೆ ಹೊಡೀರಿ! ಅಳಿಯಂದ್ರೇ, ಸಂಕೋಚ ಯಾಕೆ? ನೀವೂ ಹೊಡೀರಿ!"

ಮಾವ ಸಭೆಗೆ ನಗುಮುಖ ತೋರಿಸುತ್ತಲೇ ಹಲ್ಲು ಕಚ್ಚಿ ಗುರುಗುಟ್ಟಿದರು:

"ಹೊಡೆದು ನೋಡು!"